ಹಯಾತಿ

ಪ್ರತಿ ನವೆಂಬರಿಗೆ ಅಪ್ಪ
ತಾನು ಬದುಕಿರುವುದನ್ನು ಗದಗಿನ ಬ್ಯಾಂಕಿಗೆ
ಹೋಗಿ ತೋರಿಸಿ ಬರುತ್ತಿದ್ದ.
ಹಿಂದಿನ ರಾತ್ರಿ ಬೂಟಿಗೆ ಪಾಲಿಶು,
ಚಂಬಿನಲ್ಲಿ ಕೆಂಡ ತುಂಬಿ ಅಂಗಿಗೆ ಇಸ್ತ್ರಿ,
ಮುಳಗುಂದದಿಂದ ಏಳರ ಬಸ್ಸು.
ಮಧ್ಯಾಹ್ನ ತಿರುಗಿ ಬಂದು
ಅರ್ಧ ಕಿಲೋ ಚೂಡಾ ಅವ್ವನ ಕೈಗಿಟ್ಟು,
"ಹಯಾತಿ ಬರಕೊಟ್ಟ ಬಂದೆ.
ಇನ್ನೊಂದ ವರ್ಷ ಅದೇನಂತ ಸರಕಾರ ಒಪ್ಪೇತಿ."

ಈ ನವೆಂಬರಿಗೆ ನಾನು ಬಂದಿದ್ದೇನೆ.
ಕೌಂಟರಿನ ಹುಡುಗ ಬೇರೆ ಫಾರ್ಮು ನೂಕುತ್ತಾನೆ.

ಹೆಸರು: ಫಕೀರಪ್ಪ ನೀಲಗುಂದ. ದರ್ಜೆ: ಹವಾಲ್ದಾರ.
ದಳ ಎಂಬಲ್ಲಿ ಪೆನ್ನು ತುಸು ನಿಲ್ಲುತ್ತದೆ.
ಕಟ್ಟೆಯ ಮಂದಿ ತೋಪಿನ ಕತೆ ಕೇಳುತ್ತಿದ್ದರು,
ಅವನು ಹೇಸರಗತ್ತೆ ಅನ್ನುತ್ತಿದ್ದ;
ಬಿದ್ದು ಬಿದ್ದು ನಗುತ್ತಿದ್ದರು.
ಹತ್ತೊಂಬತ್ತು ವರ್ಷ ಹಿಮದ ಇಳಿಜಾರಿನಲ್ಲಿ
ಹಗ್ಗ ಹಿಡಿದು ಮುಂದೆ ನಡೆದವನು.
ಮೇಲಕ್ಕೆ ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು, ಮನೆಯ ಕಾಗದ.
ಕೆಳಕ್ಕೆ ಕೆಲವು ಸಲ
ಕಂಬಳಿಯಲ್ಲಿ ಸುತ್ತಿ ಕಟ್ಟಿದ್ದು.
ಅವರ ಹೆಸರು ಎಂದೂ ಹೇಳಲಿಲ್ಲ.
ಕತ್ತೆಗಳ ಹೆಸರು ಎಲ್ಲ ಹೇಳುತ್ತಿದ್ದ:
ಚಿಮಣಿ, ಗಂಗಿ, ದೇಸಾಯಿ, ಒಂಟಿಕಿವಿಯ ರಾಣಿ.

ಅವ್ವನ ಕೈ ಮುರಿದ ವರ್ಷ
ನಮ್ಮ ಮೂವರ ತಲೆ ಬಾಚಿದವನು ಅವನೇ.
ಹಣಿಗೆ ಹಲ್ಲಲ್ಲಿ ಕಚ್ಚಿ,
ಸಾಲಾಗಿ ನಿಲ್ಲಿಸಿ,
ಹೊರೆ ಬಿಗಿಯುವ ಗಂಟನ್ನೇ ರಿಬ್ಬನ್ನಿಗೆ ಹಾಕಿ:
"ಎಷ್ಟ ಜಗ್ಗಿದರೂ ಜಾರಂಗಿಲ್ಲ,
ತುದಿ ಎಳದರ ಒಂದ ಸಲಕ್ಕ ಬಿಚ್ಚತೈತಿ."
ಕಬಡ್ಡಿ ಆಡಿ ಮಣ್ಣಾಗಿ ಬಂದರೂ
ಜಡೆ ಮಾತ್ರ ಹಾಗೇ.
ನಾವು ಅಲುಗಿದರೆ ಬೈಯುತ್ತಿರಲಿಲ್ಲ,
ನಾಲಿಗೆಯಲ್ಲಿ ಟಕ್ ಟಕ್ ಎನ್ನುತ್ತಿದ್ದ,
ನಾವು ನಿಂತುಬಿಡುತ್ತಿದ್ದೆವು.
ಆ ಸದ್ದು ಮೊದಲು ಯಾರಿಗೆ ಕಲಿಸಿದ್ದೆಂದು
ಎಷ್ಟೋ ವರ್ಷದ ಮೇಲೆ ಹೊಳೆಯಿತು.

ಸಿಟ್ಟೂ ಇತ್ತು, ಸುಳ್ಳು ಯಾಕೆ.
ಅಕ್ಕನ ನಿಶ್ಚಯಕ್ಕೆ ಬೀಗರು ತಡವಾಗಿ ಬಂದಾಗ
ಬಾಗಿಲಲ್ಲೇ ಗಡಿಯಾರ ತೋರಿಸಿದ: ನಲವತ್ತು ಮಿನಿಟು.
ಆ ಸಂಬಂಧ ಮುರಿಯಿತು.
ಅಕ್ಕ ಈಗಲೂ ಅದಕ್ಕೆ ಅವನನ್ನು ಹರಸುತ್ತಾಳೆ.

ಗುರುತಿನ ಚಿಹ್ನೆ:
ಎಡಗಾಲಿನ ಎರಡು ಬೆರಳು ಇಲ್ಲ.
ಹಿಮ ತಿಂದಿತು, ಅಷ್ಟೇ ಅವನ ವಿವರಣೆ.
ಬೂಟಿನ ಮೂತಿಯ ಖಾಲಿಗೆ
ಅವ್ವ ಹತ್ತಿ ತುರುಕಿ ಕೊಡುತ್ತಿದ್ದಳು,
ನಮ್ಮ ಎರೆಹೊಲದ ಜಯಧರ ಹತ್ತಿ.
ಪ್ರತಿ ಸುಗ್ಗಿಗೆ ಹೊಸ ಬೆರಳು, ಎನ್ನುತ್ತಿದ್ದ.
ಇಷ್ಟೆಲ್ಲ ಬರೆಯಲು ಫಾರ್ಮಿನಲ್ಲಿ
ಒಂದೂವರೆ ಇಂಚು ಜಾಗ.

"ಜಂಟಿ ಫೋಟೋ ಬೇಕ್ರೀ," ಹುಡುಗ ಅನ್ನುತ್ತಾನೆ.
ಇದೆ. ರಜೆಯಲ್ಲಿ ಬಂದಾಗ ಸ್ಟುಡಿಯೋದಲ್ಲಿ ತೆಗೆಸಿದ್ದು.
ಅವನು ಸಾವಧಾನದಲ್ಲಿ, ಗದ್ದ ಮೇಲಕ್ಕೆ.
ಅವಳು ಕಣ್ಣು ಮುಚ್ಚಿ ನಗುತ್ತಿದ್ದಾಳೆ.
"ಇದು ನಡೆಯುತ್ತೋ ಇಲ್ಲೋ, ಕಣ್ಣು ಮುಚ್ಚೇತಲ್ಲ?"
ಬೆಂಚಿನಿಂದ ಅವ್ವ:
"ಅಲುಗಬ್ಯಾಡ ಅಂತ ನನಗೂ ಟಕ್ ಅಂದನಪ್ಪಾ,
ನಗದ ಏನ ಮಾಡಲಿ?"
ಹುಡುಗ ಸೀಲು ಕೈಯಲ್ಲಿ ಹಿಡಿದು
ಫೋಟೋವನ್ನೇ ನೋಡುತ್ತಾನೆ.

ಅವ್ವ ತೊಡೆಯ ಮೇಲಿನ ಗಂಟು ಬಿಚ್ಚಿದಳು:
ಪಿಂಚಣಿ ಪುಸ್ತಕ, ಮರಣದ ದಾಖಲೆ, ಅವನ ಕನ್ನಡಕ.
ತುದಿ ಎಳೆದಳು, ಒಂದೇ ಸಲಕ್ಕೆ.
ಕನ್ನಡಕ ಯಾಕೆ ತಂದೆ ಎಂದು ಕೇಳಲಿಲ್ಲ ನಾನು.

"ಇನ್ನ ಮ್ಯಾಲ ವರ್ಷಾ ಅಮ್ಮಾರು ಬರಬೇಕ್ರೀ."

ಹೊರಗೆ ಬಿಸಿಲು. ಬಸ್ಸಿಗೆ ಹೊತ್ತಿತ್ತು.
ಚೂಡಾದ ಅಂಗಡಿ ದಾಟುವಾಗ
ಅವ್ವ ನನ್ನ ತೋಳು ಹಿಡಿದು ನಿಂತಳು:
"ಅರ್ಧ ಕಿಲೋ ಬ್ಯಾಡವಾ,
ಪಾವ ಕಿಲೋ ಸಾಕು."