ತೊಳೆದಿಟ್ಟ ಲೇಬಲ್ಲು

ಬೆಟಗೇರಿಯ ನಮ್ಮ ಪ್ರೆಸ್ಸಿಗೆ
ಹಳೇ ಜರ್ಮನ್ ಮಷೀನು ತರಿಸೋದಂತಾತು.
ಬಿಚ್ಚಿ, ಎಣಿಸಿ, ಪೆಟ್ಟಿಗಿ ತುಂಬಾಕ
ಯಾರರ ಒಬ್ಬರು ಹೋಗಬೇಕಲ್ಲ.
ಕಳಕಪ್ಪ ಹೋಗಲಿ, ಅಂವಗ ನಟ್ಟು-ಬೋಲ್ಟಿನ ಭಾಷಾ ಬರತೈತಿ
ಅಂದ್ರು ಸಾವಕಾರ್ರು.
ಹಂಗ ವಿಮಾನ ಹತ್ತಿದಾಂವ ನಾನು.

ಹಗಲೆಲ್ಲಾ ಕೈಗೆ ಗ್ರೀಸು, ಸಂಜಿಕೆ ಬೀರು.
ಊರಿಗೊಂದು ಬೀರು ಅಲ್ಲೆ,
ನಮ್ಮಲ್ಲಿ ಓಣಿಗೊಂದು ಹಿಟ್ಟಿನ ಗಿರಣಿ ಇದ್ದಂಗ.
ಒಂದು ಹೊತ್ತಿದ ರೊಟ್ಟಿಯ ಅಂಚಿನಂಗ ಕಹಿ.
ಒಂದು ಮಬ್ಬು ಮಬ್ಬು, ಮೂಸಿದ್ರ ಬಾಳಿಹಣ್ಣು.
ಇನ್ನೊಂದು ಬರೇ ಹೊಗಿ,
ಗುಟುಕು ಒಳಗ ಹೋತು, ನಾ ಹುಬ್ಬಳ್ಳಿಯ
ಚುನಮರಿ ಭಟ್ಟಿ ಮುಂದ ನಿಂತಿದ್ದೆ.

ಖರೇ ಹೇಳಬೇಕಂದ್ರ ಕುಡದದ್ದು ಕಡಿಮಿ, ಓದಿದ್ದು ಹೆಚ್ಚು.
ಲೇಬಲ್ಲು ಕಂಡ್ರ ಬಿಡಾಂವಲ್ಲ ನಾ.
ಖಾರಪುಡಿ, ಉಪ್ಪಿನಕಾಯಿ, ಗೋಲಿ ಸೋಡಾ
ಇಪ್ಪತ್ತಾರು ವರ್ಷ ಹಚ್ಚಿದ ಕೈ ಇದು.
ಇವರದು ಐದು ಬಣ್ಣ, ಮ್ಯಾಲೊಂದು ಬಂಗಾರ,
ಒಂದರ ಮ್ಯಾಲೊಂದು ಕೂದಲೆಳಿಯಷ್ಟೂ ಸರದಿಲ್ಲ.
ಲಾಡ್ಜಿನ ಬೇಸಿನ್ನಾಗ ಬಾಟ್ಲಿ ನೆನಿ ಹಾಕಿ
ಮಲಗಿದ ಕೂಸಿನ ಹಸಿ ಅಂಗಿ ಬಿಚ್ಚಿದಂಗ
ಮೆಲ್ಲಕ ಸುಲೀತಿದ್ದೆ.
ಬೆಳತನಕ ಟವೆಲ್ಲಿನ ಮ್ಯಾಲ ಒಣಗ್ತಿದ್ವು
ಒಬ್ಬ ಸನ್ಯಾಸಿ, ಎರಡು ಹೋತ, ಒಂದು ಮುರುಕು ಕೋಟಿ.

ಒಂದ ಐತವಾರ ಮಷೀನಿನ ಮಾಲಕ
ತನ್ನ ಹಳ್ಳಿಗೆ ಕರಕೊಂಡು ಹೋದ.
ಅವನ ತಾಯಿ ನೆಲಮಾಳಿಗಿ ಇಳದು
ತತ್ರಾಣಿಯಂಥಾ ಬೂದಿಬಣ್ಣದ ಮಣ್ಣಿನ ಜಗ್ಗಿನಾಗ
ಏನೋ ತುಂಬಿಕೊಂಡು ಬಂದ್ಲು.
ಸೇಬಿಂದಂತ, ಹಿತ್ತಲ ಗಿಡದ್ದು, ಹೋದ ವರ್ಷದ್ದು.
ಹೊಳ್ಳಿಸಿ ಮಳ್ಳಿಸಿ ನೋಡಿದೆ, ಓದಾಕ ಒಂದಕ್ಷರ ಇಲ್ಲ.
ಕುಡದೆ.
ಹಲ್ಲು ಚುಳ್ ಅಂದ್ವು. ಮುದುಕಿ ತೊಡಿ ಬಡಕೊಂಡು ನಕ್ಳು.
ಎರಡನೇ ಗ್ಲಾಸಿಗೆ ನಾನೂ ನಕ್ಕೆ.

ಆಮ್ಯಾಲ ಮಗನ ಕಡಿಂದ ಕೇಳಿಸಿದ್ಲು:
ನಿಮ್ಮೂರ ಬೀರು ಹೆಂಗಿರತೈತಿ?

ಏನ ಹೇಳ್ಲಿ.
ಸ್ಟೇಶನ್ ರೋಡಿನ ಬಾರಿನಾಗ, ಹಸಿರು ಪರದೆ ಹಿಂದ,
ಎಲ್ಲಿಂದಲೋ ಲಾರಿಯಾಗ ಬಂದದ್ದನ್ನ
ಮಾರಿ ಮರಿ ಮಾಡಿ ಕುಡೀತೇವಿ,
ಹೊರಗ ಬರೋಮುಂದ ಮುಷ್ಟಿ ಬಡೇಸೋಪು ಅಗೀತೇವಿ.
ಅದಕ್ಕ ನಮ್ಮೂರಿಂದು ಅಂತ ಹೆಂಗ ಅನ್ಲಿ?

ನಮ್ಮೂರಾಗ ನಾವು ರುಚಿ ನೋಡೋದು ನೀರು, ಅಂದೆ.
ಹೊಳಿ ನೀರು ಎಂಟು ದಿನಕ್ಕೊಮ್ಮೆ, ಹನ್ನೆರಡಾದ್ರೂ ಆತು.
ಮೊದಲ ಕೊಡ ಕೆಂಪು, ತುಕ್ಕಿನ ವಾಸನಿ, ಅದು ಬಚ್ಚಲಕ್ಕ.
ನಾಕನೇದು ತಿಳಿ, ಅದು ಹರವಿಗೆ.
ಬೋರಿಂದು ಸವುಳು, ಬ್ಯಾಳಿ ಕುದಿಯಾಂಗಿಲ್ಲ ಅದರಾಗ.
ಟ್ಯಾಂಕರ್ ಬಂದ್ರ ನನ್ನ ಹೆಂಡತಿ ನೀಲಗಂಗಾ
ಬೊಗಸಿ ಒಡ್ಡಿ, ಒಂದ ಗುಟುಕಿಗೆ
ಡ್ರೈವರನ ಸುಳ್ಳು ಹಿಡೀತಾಳ:
ಇದು ಆ ತ್ವಾಟದ ಬಾವಿದಲ್ಲೋ, ಯಾರ ಮುಂದ ಹೇಳ್ತೀ!

ಮಗ ಅಷ್ಟೂ ತಿರುವಿ ಹೇಳಿದ.
ಮುದುಕಿ ಈ ಸಲ ನಗಲಿಲ್ಲ, ಎದ್ದು ಹೋದ್ಲು,
ಒಂದು ಗ್ಲಾಸು ನೀರು ತಂದು ಮುಂದಿಟ್ಲು.
ನೋಡು, ಅನ್ನೋಹಂಗ ಗದ್ದ ಎತ್ತಿದ್ಲು.

ನಾಲಿಗಿ ಮ್ಯಾಲ ಹೊಳ್ಳಾಡಿಸಿದೆ.
ಸುಣ್ಣದ ಕಲ್ಲು, ಅದರ ಹಿಂದ ತಣ್ಣಗ ಒಂದು ಸಿಹಿ.
ಜಗ್ಗಿನ ಕಡೆ ಬೆರಳು ಮಾಡಿದೆ,
ಹುಳಿ ಎಲ್ಲಾ ಹೋದಮ್ಯಾಲ ಗಂಟಲದಾಗ ಉಳದದ್ದು ಇದ.
ಮುದುಕಿ ನನ್ನ ಕೈ ಹಿಡಕೊಂಡು
ಮಗಗ ಏನೋ ಭಾಳೊತ್ತು ಹೇಳಿದ್ಲು.
ಅಂವ ತಿರುವಿ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ.

ಈಗ ಪ್ರೆಸ್ಸಿನ ಟೇಬಲ್ಲಿನ ಗಾಜಿನ ಕೆಳಗ
ಹನ್ನೊಂದು ಲೇಬಲ್ಲು ಅದಾವು.
ಹನ್ನೆರಡನೇದಕ್ಕ ಜಾಗಾ ಬಿಟ್ಟೇನಿ.
ಏನು ಅಚ್ಚ ಹಾಕಬೇಕು ಅದರ ಮ್ಯಾಲ, ತಿಳಿದಿಲ್ಲ.

ನಿನ್ನೆ ರಾತ್ರಿ ಎರಡಕ್ಕ ನಳ ಬಂತು,
ಮೊದಲು ಗಾಳಿ, ಬಾಟ್ಲಿಯ ಬೂಚ ತಗದಂಗ ಉಸ್ ಅಂತ.
ನಾಕನೇ ಕೊಡದಾಗ ಚರಗಿ ಅದ್ದಿ ಕುಡದೆ.
ಹೆಂಗೈತಿ? ಅಂದ್ಲು ನೀಲಗಂಗಾ, ಸೆರಗು ಕಟ್ಟಿಕೋತ.
ಹೋದ ಸಲಕ್ಕಿಂತ ಚೂರು ಹುಳಿ, ಅಂದೆ.
ತಾನೂ ಒಂದು ಗುಟುಕು ನೋಡಿದ್ಲು.
ನೀರು ಬರೋಬರಿ ಐತಿ, ಕೊಡ ಎತ್ತರಿ,
ನಿಮ್ಮ ನಾಲಿಗಿ ಇನ್ನೂ ಊರು ಮುಟ್ಟಿಲ್ಲ.