ಎರಡು ಬೇಸಿಗೆ

ಗ್ಲೆನಿಸ್ ಹಸಿರು ಶಾಯಿಯಲ್ಲಿ ಹೊಡೆದುಹಾಕುತ್ತಾಳೆ.
ಕೆಂಪು ಆಡಿಟರಿಗೆ, ಹಸಿರು ಸ್ನೇಹಿತರಿಗೆ ಎನ್ನುತ್ತಾಳೆ.
ನನ್ನ ವರದಿಯ ಮೊದಲ ಪುಟದಲ್ಲಿ
'ಗಣನೀಯ ಪ್ರಮಾಣದ ಅನಿಶ್ಚಿತತೆ' ಎಂದಿತ್ತು,
ಈಗ ಅಲ್ಲೊಂದು ಹಸಿರು ಕಂಬಳಿಹುಳು.
ಅಂಚಿನಲ್ಲಿ: ಇದನ್ನು ನಿನ್ನ ಅತ್ತೆಗೆ ಹೇಗೆ ಹೇಳುತ್ತೀ?

ಅತ್ತೆಗೆ ನಾನು ಏನನ್ನೂ ಹೇಳುವುದಿಲ್ಲ, ಗ್ಲೆನಿಸ್.
ಅದೇ ನಮ್ಮ ಸೌಹಾರ್ದದ ಗುಟ್ಟು.

ಹಾರ್ಶಮ್ಮಿನಿಂದ ಐವತ್ತು ನಿಮಿಷ. ವಿಮ್ಮೆರಾದ ಗೋಧಿ, ಗೋಧಿ,
ರೈಲು ಮರೆತ ಒಂದು ನಿಲ್ದಾಣ, ಮತ್ತೆ ಗೋಧಿ.
ಕಾರಿನಲ್ಲಿ ಒಬ್ಬಳೇ ಅಭ್ಯಾಸ ಮಾಡುತ್ತೇನೆ:
'ಎಲ್ಲರಿಗೂ ಶುಭ ಸಂಜೆ.' ಗಂಟಲು ಕಟ್ಟಿತು. ಇನ್ನೊಮ್ಮೆ.
ಕೈ ಕಟ್ಟಬಾರದು, ಜೇಬಿಗಿಳಿಸಬಾರದು,
ತೆರೆಗೆ ಮುಖ ಮಾಡಿ ಓದಬಾರದು,
ಮೂರನೇ ಸಾಲಿನ ಯಾರಾದರೊಬ್ಬರ ಹುಬ್ಬು ನೋಡಬೇಕು.
ತರಬೇತಿಯಲ್ಲಿ ಹೇಳಿದ್ದು ಇಷ್ಟು.
ಸ್ಟಿಯರಿಂಗ್ ಹಿಡಿದ ಕೈಗೆ
ಎಲ್ಲಿರಬೇಕೆಂದು ಗೊತ್ತು, ಅದೊಂದೇ ಸಮಾಧಾನ.

ಸಭಾಭವನದಲ್ಲಿ ನಲವತ್ತು ಕುರ್ಚಿ, ಇಪ್ಪತ್ತಾರು ಜನ.
(ಎಣಿಸದೆ ಇರಲಾರೆ, ಅದು ರೋಗ.)
ಕೊಬ್ಬರಿ ಮೆತ್ತಿದ ಲ್ಯಾಮಿಂಗ್ಟನ್ನುಗಳ ತಟ್ಟೆ,
ಗೋಡೆಯಲ್ಲಿ ಈಜುಡುಗೆಯ ಮಕ್ಕಳ ಸಾಲು, ೧೯೬೧.
ಖಜಾಂಚಿ ಡೆಸ್ ಹಾಲೊವೇ ಎದ್ದು
ನನ್ನ ಹೆಸರನ್ನು ಎರಡು ಸಲ ಎತ್ತಿ, ಎರಡು ಸಲ ಕೆಳಗಿಟ್ಟು
'ನಮ್ಮ ಲೆಕ್ಕದವರು' ಎಂದು ಕೂತ.
ಲಗೋರಿಯಾಡುವಾಗ ಅಕ್ಕನ ಗೆಳತಿಯರು
ನನಗಿಟ್ಟ ಪದವಿ ನೆನಪಾಯಿತು:
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಇಲ್ಲಿ ತಿರುವುಮುರುವು. ಲೆಕ್ಕಕ್ಕುಂಟು.
ಆಟದ ವಿಷಯ ಯಾರೂ ಇನ್ನೂ ಹೇಳಿಲ್ಲ.

ಮೊದಲ ಸ್ಲೈಡು: ಆದಾಯ, ನೀಲಿ ಕಂಬಗಳು.
ಎರಡನೆಯದು ಖರ್ಚು, ಅದೂ ನೀಲಿಯೇ, ಸ್ವಲ್ಪ ಕಡು.
ಮೂರಕ್ಕೆ ಸವಕಳಿ ಎಂದೆ.
'ಕೊಳ ಹಾಗೇ ಇದೆಯಲ್ಲ?' ಹಿಂದಿನಿಂದ ಯಾರೋ.
ಇದೆ, ಆದರೆ ಪುಸ್ತಕದಲ್ಲಿ ಸವೆದಿದೆ.
'ಪುಸ್ತಕದಲ್ಲಿ ಯಾರು ಈಜುತ್ತಾರೆ?'
ನಗು. ನಾನೂ ನಕ್ಕೆ, ತುಸು ತಡವಾಗಿ.
ಏಳಕ್ಕೆ ಒಬ್ಬಾತ ತನ್ನ ಟೊಪ್ಪಿಯೊಳಗೆ ಇಣುಕತೊಡಗಿದ.
ಒಂಬತ್ತಕ್ಕೆ, ಕಿಟಕಿಯಾಚೆ ತಂತಿಯ ಮೇಲೆ
ಗುಲಾಬಿ ಎದೆಯ ಗಾಲಾ ಹಕ್ಕಿಗಳು
ನನಗಿಂತ ಚೆನ್ನಾಗಿ ಸಭೆ ನಡೆಸುತ್ತಿದ್ದವು.
ಇನ್ನೂ ಇಪ್ಪತ್ತೆರಡು ಬಾಕಿ.

ಮೂರನೇ ಸಾಲಿನ ಹುಬ್ಬು ನೊರೀನಳದು.
ಎಂಬತ್ತು ದಾಟಿದವಳು, ಬಿಳಿಗೂದಲಿಗೆ ಕ್ಲೋರಿನ್ನಿನ ಹಸಿರು.
'ಹೆಬ್ಬೆರಳಲ್ಲಿ ಅದೇನು ಮಾಡುತ್ತಿದ್ದೀ?' ಎಂದಳು.
ನೋಡಿಕೊಂಡೆ. ಕಿರುಬೆರಳ ಬುಡದಿಂದ
ಗೆಣ್ಣಿಂದ ಗೆಣ್ಣಿಗೆ ಏರುತ್ತಿತ್ತು ಅದು
ನಾನು ಹೇಳದೆಯೇ, ಮಗ್ಗಿಯ ಕಾಲದಿಂದ.
ಎಣಿಸುತ್ತಿದ್ದೇನೆ, ಎಂದೆ.
'ಏನನ್ನು?'

ನಾಚಿಕೆಗೆ ತೆರೆ ಆರಿಸಿಬಿಟ್ಟೆ.
ಕೈ ಎತ್ತಿ ತೋರಿಸಿದೆ: ನಾಲ್ಕು ಬೆರಳು,
ಬೆರಳಿಗೆ ಮೂರು ಗೆಣ್ಣು, ಹನ್ನೆರಡು.
ಕೊಳದ ಬಳಿ ಇರುವ ದುಡ್ಡು ಇಷ್ಟು ಅಂದುಕೊಳ್ಳಿ.
ಡಿಸೆಂಬರ್ ಬಂದರೆ ನಾಲ್ಕು ಹೋಯಿತು: ಕ್ಲೋರಿನ್, ವಿಮೆ,
ಲೈಫ್‌ಗಾರ್ಡ್ ಹುಡುಗಿಯರ ಸಂಬಳ.
ಇನ್ನೆರಡು, ಆಳದ ತುದಿಯ ಬಿರುಕಿಗೆ.
ರಾತ್ರಿ ಸೋರಿಹೋದ ನೀರಿಗೂ ಬಿಲ್ಲು ಬರುತ್ತದೆ.
ಎರಡು ಬೆರಳು ಮಡಿಸಿದೆ. ಮತ್ತೆರಡು.
ಮುಷ್ಟಿ ಮುಚ್ಚಿತು.
'ಎರಡು ಬೇಸಿಗೆ,' ಎಂದೆ.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು
ಎನ್ನುತ್ತಿದ್ದರು ನಮ್ಮ ಗಣಿತದ ಮೇಷ್ಟ್ರು.
ತೂತಿಗೆ ಮಾತು ಮೆತ್ತಿ ಮೂವತ್ತೊಂದು ಸ್ಲೈಡು ಮಾಡಿದರೆ
ಏನು ಕೆಡುತ್ತದೆಂದು ಹೇಳಿರಲಿಲ್ಲ.

ಡೆಸ್ ಕನ್ನಡಕ ಒರೆಸಿದ. ಬಹಳ ಹೊತ್ತು ಒರೆಸಿದ.
ನಾಲ್ಕು ವರ್ಷದಿಂದ ಅವನಿಗೆ ಗೊತ್ತಿತ್ತು.
ಅದು ಯಾವ ಕಾಲಮ್ಮಿನಲ್ಲೂ ಇರಲಿಲ್ಲ.
ಯಾರೋ ಬಿರುಕಿನ ಕೊಟೇಶನ್ ಕೇಳಿದರು,
ಯಾರೋ ಕೌನ್ಸಿಲ್ಲನ್ನು ಬೈದರು, ಚಹಾ ಬಂತು.
ನೊರೀನ್ ಮಾತ್ರ ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟು
ಹೆಬ್ಬೆರಳನ್ನು ಒಂದೊಂದೇ ಗೆಣ್ಣಿಗೆ ಒಯ್ಯುತ್ತಿದ್ದಳು,
ಬೇಸಿಗೆಗಳನ್ನೋ, ಇನ್ನೇನನ್ನೋ.
ಕೇಳಲಿಲ್ಲ.

ಗ್ಲೆನಿಸ್‌ಗೆ ಟಿಪ್ಪಣಿ:
ಒಯ್ದ ಸ್ಲೈಡು ಮೂವತ್ತೊಂದು, ತೋರಿಸಿದ್ದು ಒಂಬತ್ತು.
ಲ್ಯಾಮಿಂಗ್ಟನ್ ಎರಡು,
ಒಂದು ದಾರಿಗೆ, ಕಾಗದದಲ್ಲಿ ಸುತ್ತಿ ಕೊಟ್ಟದ್ದು.