ನೂಲು ಹರಿದಿದೆ

ಒಂಬತ್ತು ವಸಂತ ಇವರನ್ನು ಬೆಟ್ಟದ ಬುಡಕ್ಕೆ ತಂದು ಸುರಿದಿದ್ದೇನೆ,
ಸಂಜೆ ತುಂಬಿಕೊಂಡು ಹೋಗಿದ್ದೇನೆ.
ನಡುವಿನ ಏಳು ಗಂಟೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ
ಮುಖಕ್ಕೆ ಪತ್ರಿಕೆ ಹೊದ್ದು ನಿದ್ದೆ.
ಕರವಾಂಕೆ ಅಂದರೆ ನನಗೆ
ಕನ್ನಡಿಯಲ್ಲಿ ಹಿಂದಕ್ಕೆ ಸರಿಯುವ ನೀಲಿ ಗೋಡೆ, ಅಷ್ಟೆ.

ಈ ಸಲ ತ್ಸ್ವೆಟ್ಕಾ ಕಿಟಕಿ ಕುಟ್ಟಿದಳು:
"ಸ್ಟೆಫಾನಿಯಾಗೆ ಮೊಣಕಾಲು ನೋವು, ಬಂದಿಲ್ಲ.
ಒಂದು ಬುತ್ತಿ ಹೆಚ್ಚಾಗಿದೆ. ಸುಮ್ಮನೆ ಹೊತ್ತು ಹತ್ತಿ
ಹೊತ್ತು ಇಳಿಯುವುದು ಯಾರು?"
ಆ ಬುತ್ತಿಯ ದಾಕ್ಷಿಣ್ಯಕ್ಕೆ ಇಳಿದೆ,
ಪಾಲಿಶ್ ಹಾಕಿದ ಕರಿ ಬೂಟಿನಲ್ಲೇ.

ಇವರದೊಂದು ನಿಯಮ: ಎಲ್ಲರಿಗಿಂತ ನಿಧಾನದವರು ಮುಂದೆ.
ಹಾಗಾಗಿ ಎಂಬತ್ತರ ಲುಡ್ವಿಕ್ ಮುಂದೆ,
ಹಿಂದೆ ನೇಯ್ಗೆ ಗಿರಣಿಯ ಹದಿಮೂರು ಮಂದಿ,
ಕಟ್ಟಕಡೆಗೆ ನಾನು.
ಹತ್ತೇ ನಿಮಿಷಕ್ಕೆ ಗೊತ್ತಾಯಿತು
ನಾನಿರಬೇಕಾದ ಜಾಗ ಯಾವುದೆಂದು.

ಮರದಿಂದ ಮರಕ್ಕೆ ಕೆಂಪು ಬಳೆಯೊಳಗೊಂದು ಬಿಳಿ ಬೊಟ್ಟು,
ದಾರಿ ಇದೇ ಎಂದು.
ಬೀಚ್ ಮರಗಳು ಈಗಷ್ಟೇ ಎಲೆ ಬಿಡುತ್ತಿದ್ದವು,
ಮಡಿಕೆ ಬಿಚ್ಚದ ಬಟ್ಟೆಯ ಹಾಗೆ ಗೆರೆಗೆರೆಯಾಗಿ.
ಜೋರ್ಕಾ ಒಂದನ್ನು ಹೆಬ್ಬೆರಳಲ್ಲಿ ತೀಡಿ ನೋಡಿ
"ನೇಯ್ಗೆ ಪರವಾಗಿಲ್ಲ" ಎಂದಳು.

ಏರು ಕಡಿದಾದಾಗ ಮಾತು ನಿಂತು
ಕೈಗಳು ಶುರುವಾದವು.
ಗಿರಣಿ ಮುಚ್ಚಿ ಇಪ್ಪತ್ತು ವರ್ಷ;
ಮಗ್ಗಗಳ ಗದ್ದಲದಲ್ಲಿ ಕಲಿತ ಭಾಷೆ ಬೆರಳುಗಳಲ್ಲಿ ಉಳಿದಿದೆ.
ಎರಡು ಬೆರಳು ತಿರುವಿದರೆ ನೂಲು ಹರಿದಿದೆ ಎಂದು,
ಅಂದರೆ ಈಗ: ನಿಲ್ಲಿ, ಲುಡ್ವಿಕ್‌ಗೆ ಉಸಿರು ಬೇಕು.
ಸದ್ದಿಲ್ಲದೆ ಅಲುಗುವ ಈ ತುಟಿಗಳನ್ನು
ಕನ್ನಡಿಯಲ್ಲಿ ಎಷ್ಟು ಸಲ ಕಂಡಿದ್ದೆ!
ತಿರುವುಗಳಲ್ಲಿ ಜೀವಭಯಕ್ಕೆ ಜಪ ಮಾಡುತ್ತಾರೆ ಅಂದುಕೊಂಡಿದ್ದೆ.
"ಜಪವೆ?" ಜೋರ್ಕಾ ನಕ್ಕಳು.
"ನೀವು ಗೇರು ಹಾಕುವ ರೀತಿಗೆ ಬೈಯುತ್ತಿದ್ದೆವು."

ಮರಗಳು ಮುಗಿದ ಮೇಲೆ ಹೋದ ವರ್ಷದ ಹುಲ್ಲು,
ಹಿಮದ ಭಾರಕ್ಕೆ ಮಲಗಿದ್ದು ಇನ್ನೂ ಎದ್ದಿಲ್ಲ.
ನೆರಳಿದ್ದಲ್ಲಿ ಅಂಚು ಕರಗುತ್ತಿರುವ ಕೊಳೆ ಹಿಮ;
ಅದನ್ನೇ ತೂತು ಮಾಡಿ ಎದ್ದ ನೇರಳೆ ಹೂಗಳು,
ಕೇಸರಿಯ ಬಡ ನೆಂಟರು,
ಕಾಲಿಡಲು ಜಾಗವಿಲ್ಲದಷ್ಟು.
ಕರಿ ಬೂಟು ಜಾರಿತು. ಹೂಗಳ ನಡುವೆ ಧೊಪ್ಪನೆ ಕೂತೆ.
ಯಾರೂ ನಗಲಿಲ್ಲ.
ಹದಿನಾಲ್ಕು ಜೊತೆ ಕೈಗಳು ಏನೋ ಹೇಳಿಕೊಂಡವು,
ಅದು ನಗುವಿಗಿಂತ ಜೋರಾಗಿತ್ತು.

ತುದಿಯಲ್ಲಿ ಬಂಡೆಗೆ ಬಿಗಿದ ತಗಡಿನ ಡಬ್ಬಿ.
ಒಳಗೊಂದು ಪುಸ್ತಕ, ದಾರ ಕಟ್ಟಿದ ಪೆನ್ಸಿಲು.
ಹತ್ತಿದವರು ಹೆಸರು ಬರೆಯಬೇಕು; ಬರೆದೆ.
ತ್ಸ್ವೆಟ್ಕಾ ಭುಜದ ಮೇಲಿಂದ ಓದಿದಳು,
ಗಟ್ಟಿಯಾಗಿ, ಎಲ್ಲರೂ ಕಿವಿ ಮಂದದವರಲ್ಲವೆ:
"ಬೊಗೊಮಿರ್!"
"ಯಾರು?"
"ಡ್ರೈವರು! ಬೊಗೊಮಿರ್ ಅಂತೆ!"
ಎದುರಿನ ಬಂಡೆ ಇನ್ನೊಮ್ಮೆ ಹೇಳಿ
ಲೆಕ್ಕ ಸರಿನೋಡಿತು.

ಬುತ್ತಿ ಬಿಚ್ಚಿ ಕೆಳಗೆ ನೋಡಿದೆ.
ಬೆಂಕಿಪೊಟ್ಟಣದಷ್ಟು ನನ್ನ ಬಸ್ಸು,
ಅದರ ಮುಂದೆ ಎರಡು ಮಿಣುಕು.
ಗಾಜಿಗೆ ಬಿಸಿಲು ಹೊಡೆದಿರಬೇಕು ಅಂದುಕೊಂಡೆ.
ಮೋಡ ಬಂತು, ಹೋಯಿತು.
ಮಿಣುಕು ಹಾಗೇ ಇತ್ತು.
ಬೆಳಗಿನ ಮಂಜಿಗೆಂದು ಹಾಕಿದ ದೀಪ.
ಯಾರಿಗೂ ಹೇಳಲಿಲ್ಲ.
ಇಳಿಯುವಾಗ ನಾಲ್ಕು ಸಲ ಬಾಯಿ ತೆರೆದೆ,
ನಾಲ್ಕು ಸಲವೂ ಯಾರೋ ಬೊಗೊಮಿರ್ ಎಂದು ಕರೆದು
ಒಣ ಹಣ್ಣು ಕೈಗಿಟ್ಟರು.

ಐದೂವರೆಗೆ ಕೀಲಿ ತಿರುವಿದೆ.
ಎಂಜಿನ್ ಕೆಮ್ಮಿತು, ಸುಮ್ಮನಾಯಿತು.
ಕನ್ನಡಿಯಲ್ಲಿ ಬೂಟು ಸಡಿಲಿಸಿ ಕೂತವರ ಮುಖಗಳು.
ನಾಚಿಕೆಗೆ ಮಾತು ಹೊರಡಲಿಲ್ಲ.
ಕನ್ನಡಿಗೆ ಕಾಣುವಂತೆ ಕೈಯೆತ್ತಿ
ಎರಡು ಬೆರಳು ತಿರುವಿದೆ.

ಎದ್ದರು. ಲಾಡಿ ಬಿಗಿದುಕೊಂಡು ಒಬ್ಬೊಬ್ಬರೇ ಇಳಿದು
ಬಸ್ಸಿನ ಬೆನ್ನಿಗೆ ಕೈಯಿಟ್ಟರು.
ಲುಡ್ವಿಕ್ ಮಾತ್ರ, ನಿಯಮ ನಿಯಮವೇ,
ಎಲ್ಲರಿಗಿಂತ ಮುಂದೆ
ರಸ್ತೆಯ ಅಂಚು ಹಿಡಿದು ಮೆಲ್ಲಗೆ ನಡೆಯತೊಡಗಿದ.
ಅವನ ಹಿಂದೆ ಬಸ್ಸು.